ಕಟ್ಟೆಯ ನೀರು, ಹೊಲದ ಹದ

ಮುಂಗಾರು ಹಿಡಿಯಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಪತ್ರಿಕೆ ಕೈಗೆ ಸಿಕ್ಕ ತಕ್ಷಣ ಜನ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ತುಂಬಿದರೆ 124.80 ಅಡಿ, ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ನಾಲೆಗೆ ಬಿಡುತ್ತಿರುವುದು ಎಷ್ಟು ಎಂಬುದರ ಮೇಲೆ ಆ ವರ್ಷದ ಭತ್ತ, ಕಬ್ಬು, ಮದುವೆ, ಸಾಲ ಎಲ್ಲದರ ಲೆಕ್ಕ ನಡೆಯುತ್ತದೆ. 1911ರಲ್ಲಿ ಕೆಲಸ ಹಿಡಿದು ಎರಡು ದಶಕ ಕಟ್ಟಿದ ಈ ಅಣೆಕಟ್ಟು ಸುಮಾರು 49 ಟಿಎಂಸಿ ನೀರನ್ನು ಹಿಡಿದಿಡುತ್ತದೆ. ಅದಕ್ಕೂ ಬಹಳ ಮೊದಲೇ ಚಿಕ್ಕದೇವರಾಯ ಸಾಗರ, ವಿರಿಜಾ, ಬಂಗಾರದೊಡ್ಡಿ ನಾಲೆಗಳು ಶ್ರೀರಂಗಪಟ್ಟಣದ ಸುತ್ತಿನ ಬಯಲಿಗೆ ಕಾವೇರಿಯನ್ನು ಹರಿಸಿದ್ದವು. ಹೀಗೆ ತಲೆಮಾರುಗಳಿಂದ ಇಲ್ಲಿಯವರ ಮನಸ್ಸಿನಲ್ಲಿ ಒಂದು ಭರವಸೆ ಬೇರು ಬಿಟ್ಟಿದೆ: ಇವತ್ತು ಬಿದ್ದ ಮಳೆಯನ್ನು ಇವತ್ತೇ ಬಳಸಬೇಕಿಲ್ಲ, ಕಟ್ಟೆಯಲ್ಲಿ ನಿಲ್ಲಿಸಿ ಬೇಕಾದಾಗ ಬಿಟ್ಟುಕೊಳ್ಳಬಹುದು. ನೀರಿನ ಮಟ್ಟಿಗೆ ಇದು ನಿಜ. ನನಗೆ ಆತಂಕವಾಗುವುದು ಇದೇ ಭರವಸೆಯನ್ನು ನಾವು ಆಯುಸ್ಸಿಗೂ ಹಚ್ಚಿಕೊಂಡಾಗ. ಸಾಲ ತೀರಲಿ, ಮಗಳ ಮದುವೆ ಆಗಲಿ, ಮಗ ಒಂದು ದಡ ಸೇರಲಿ, ರಿಟೈರ್ ಆಗಲಿ, ಆಮೇಲೆ ನೋಡೋಣ ಎಂದು ನಾವು ಮುಂದಕ್ಕೆ ಹಾಕುತ್ತ ಬರುವ ಕೆಲಸಗಳೇ ಹೆಚ್ಚಿನ ಪಾಲು ನಮಗೆ ತೀರ ಬೇಕಾದ ಕೆಲಸಗಳು. ನಮ್ಮ ಗಂಟೆಗಳೆಲ್ಲ ಎಲ್ಲೋ ಒಂದು ಕಡೆ ಶೇಖರವಾಗುತ್ತಿವೆ, ಒಂದು ದಿನ ತೂಬು ಎತ್ತಿದರೆ ಎಲ್ಲವೂ ಒಟ್ಟಿಗೆ ಹರಿದು ಬರುತ್ತವೆ ಎನ್ನುವ ಹಾಗೆ ಬದುಕುತ್ತೇವೆ. ಅಂಥ ಕಟ್ಟೆ ಎಲ್ಲೂ ಇಲ್ಲ.

ನಾಲೆ ತಲುಪದ ಊರುಗಳಿಗೆ ಇದು ಹೊಸ ವಿಷಯವಲ್ಲ. ನಾಗಮಂಗಲದ ಬಹುಪಾಲು ಹೊಲಗಳು, ಕೆ.ಆರ್. ಪೇಟೆಯ ಎತ್ತರದ ಜಾಗಗಳು ಮಳೆಯನ್ನೇ ನೆಚ್ಚಿಕೊಂಡವು. ಅಲ್ಲಿ ರೈತ ಲೆಕ್ಕ ಹಾಕುವುದು ಅಡಿಯಲ್ಲಲ್ಲ, ಮಳೆ ನಕ್ಷತ್ರಗಳಲ್ಲಿ. ಒಂದೊಂದರ ಅವಧಿ ಹದಿಮೂರು ಹದಿನಾಲ್ಕು ದಿನ. ಆರಿದ್ರೆ ಹೋಗಿ ಪುನರ್ವಸು, ಪುನರ್ವಸು ಹೋಗಿ ಪುಷ್ಯ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಆತ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹಿಂಡುತ್ತಾನೆ. ಬೆರಳ ಸಂದಿಯಲ್ಲಿ ಕೆಸರು ಒಸರಿದರೆ ಇನ್ನೂ ಹಸಿ ಹೆಚ್ಚು. ಉಂಡೆ ಕಟ್ಟಲು ಹೋದರೆ ಪುಡಿಯಾಗಿ ಉದುರಿದರೆ ಆಗಲೇ ಒಣಗಿದೆ. ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಬಿಡಿಬಿಡಿಯಾಗಿ ಒಡೆದರೆ ಹದ ಬಂದಿದೆ ಎಂದು ಅರ್ಥ. ಕೆಂಪು ಮರಳು ಮಣ್ಣಿನಲ್ಲಿ ಈ ಹದ ಬಿಸಿಲು ಬಿದ್ದರೆ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆ ದಿನ ಊರಲ್ಲಿ ಎಂಥ ಪಂಚಾಯಿತಿ ಇದ್ದರೂ, ನೆಂಟರ ಮನೆಯಲ್ಲಿ ಎಂಥ ಔತಣವಿದ್ದರೂ ಕೂರಿಗೆ ಹೂಡಬೇಕು. ಹೂಡದೆ ಬಿಟ್ಟರೆ ಮುಂದಿನ ವಾರ ಎರಡು ಪಟ್ಟು ಮಳೆ ಬಂದರೂ ತಪ್ಪಿದ ಬಿತ್ತನೆಯ ಲೆಕ್ಕ ಸರಿಹೋಗುವುದಿಲ್ಲ. ನಮ್ಮ ಹೊತ್ತಿನ ಸ್ವಭಾವ ಇಂಥ ಹೊಲದ್ದು ಎಂಬುದು ನನ್ನ ವಾದ. ಅದನ್ನು ಉಳಿಸಿಡಲು ಬಾರದು. ಯಾವುದಕ್ಕೆ ಕೊಡಬೇಕೆಂದು ಮೊದಲೇ ಗೊತ್ತು ಮಾಡಿಕೊಂಡಿದ್ದವನಿಗೆ ಮಾತ್ರ ಅದು ದಕ್ಕುತ್ತದೆ.

ಸಮಯ ಉಳಿಸಿದರೆ ಸಾಕು, ಉಳಿದದ್ದು ತಾನಾಗಿ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ ಎಂದು ನಂಬುವವರಿದ್ದಾರೆ. ಈ ನಂಬಿಕೆಯನ್ನು ಪರೀಕ್ಷಿಸಲು ಈ ನಾಲ್ಕು ತಾಲ್ಲೂಕುಗಳ ಅಡುಗೆಮನೆಗಿಂತ ಒಳ್ಳೆಯ ಜಾಗವಿಲ್ಲ. ರಾಗಿ ಮಿಲ್ಲು ಬರುವ ಮೊದಲು ಇಲ್ಲಿಯ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಅದು ತೋಳು ಸೋಲುವ ಜೀತ. ಅದನ್ನು ಮತ್ತೆ ತರಬೇಕೆಂದು ಯಾರೂ ಹೇಳಬಾರದು. ಆದರೆ ಆ ಕಲ್ಲಿನ ಜೊತೆಗೆ ಹಾಡಿತ್ತು. ತವರಿನ ನೆನಪು, ಅಣ್ಣನ ಮೇಲಿನ ಮುನಿಸು, ಸತ್ತ ಮಗುವಿನ ದುಃಖ, ಊರ ದೇವತೆಯ ಕಥೆ, ಇವನ್ನೆಲ್ಲ ಹೇಳಿಕೊಳ್ಳಲು ಆಕೆಗೆ ಸಿಗುತ್ತಿದ್ದ ಹೊತ್ತು ಅದೊಂದೇ. ಮಿಲ್ಲು ಬಂತು, ಕಲ್ಲು ಮೂಲೆ ಸೇರಿತು, ದಿನಕ್ಕೆ ಗಂಟೆಗಟ್ಟಲೆ ಹೊತ್ತು ಉಳಿಯಿತು. ಆ ಹೊತ್ತು ಹಾಡಿಗೆ ಬರಲಿಲ್ಲ. ಹಸು ಒಂದು ಇದ್ದ ಕಡೆ ಮೂರಾದವು, ಡೇರಿಗೆ ಎರಡು ಹೊತ್ತು ಹಾಲು ಹಾಕುವುದು ಬಂತು, ಕೂಲಿಗೆ ಹೋಗುವುದು ಬಂತು, ಆಮೇಲೆ ಟೀವಿ ಬಂತು, ಈಗ ಫೋನು ಬಂದಿದೆ. ಮಿಕ್ಸಿ, ಗ್ಯಾಸು, ಬೋರ್‌ವೆಲ್ಲು, ಟ್ರ್ಯಾಕ್ಟರು, ಕಟಾವಿನ ಯಂತ್ರ, ಒಂದೊಂದೂ ಹೊತ್ತನ್ನು ಉಳಿಸಿಕೊಟ್ಟಿತು. ಆದರೂ ಹಳ್ಳಿಯಲ್ಲಿ ಯಾರನ್ನು ಮಾತಾಡಿಸಿದರೂ ಪುರುಸೊತ್ತಿಲ್ಲ ಎನ್ನುತ್ತಾರೆ, ಮತ್ತು ಆ ಮಾತು ಸುಳ್ಳಲ್ಲ. ಉಳಿದ ಗಂಟೆಗೆ ಮೊದಲೇ ಒಡೆಯ ಇಲ್ಲದಿದ್ದರೆ, ಯಾರು ಮೊದಲು ಬಾಗಿಲು ತಟ್ಟುತ್ತಾರೋ ಅವರ ಪಾಲಾಗುತ್ತದೆ.

ಆ ಹಾಡುಗಳು ಮೂಲೆ ಸೇರುತ್ತಿದ್ದ ಕಾಲದಲ್ಲೇ ನಾಗಮಂಗಲ ತಾಲ್ಲೂಕಿನ ಇಬ್ಬರು ಅವನ್ನು ಹಿಡಿದಿಡಲು ಹೊರಟರು ಎಂಬುದು ನನಗೆ ಬರೀ ಕಾಕತಾಳೀಯವೆಂದು ತೋರುವುದಿಲ್ಲ. ಒಬ್ಬರು 1915ರಲ್ಲಿ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು, ಇನ್ನೊಬ್ಬರು 1933ರಲ್ಲಿ ಅಂಬಲಜೀರಹಳ್ಳಿಯಲ್ಲಿ ಹುಟ್ಟಿದ ಜೀ.ಶಂ. ಪರಮಶಿವಯ್ಯನವರು. ನಾಗೇಗೌಡರು ಐಎಎಸ್ ಅಧಿಕಾರಿ, ಜಿಲ್ಲಾಧಿಕಾರಿಯಾಗಿ ಕೆಲಸ ಮಾಡಿದವರು. ಕಡತ, ಕಂದಾಯ, ಮಂತ್ರಿಗಳ ಪ್ರವಾಸ, ಬರ, ಚುನಾವಣೆ ಎಂದು ದಿನವಿಡೀ ತಿನ್ನುವ ಹುದ್ದೆ ಅದು. ಎಲ್ಲ ಮುಗಿದ ಮೇಲೆ ನೋಡೋಣ ಎನ್ನಲು ಅವರಿಗೆ ಇದ್ದಷ್ಟು ಕಾರಣ ಇನ್ಯಾರಿಗೂ ಇರಲಿಲ್ಲ. ಆದರೂ ಭಾರತವನ್ನು ಕಂಡ ವಿದೇಶಿ ಪ್ರವಾಸಿಗಳ ಬರಹಗಳನ್ನು ಕನ್ನಡಕ್ಕೆ ತರುವ 'ಪ್ರವಾಸಿ ಕಂಡ ಇಂಡಿಯಾ' ಮಾಲೆಯನ್ನು ಅವರು ಅರವತ್ತರ ದಶಕದಲ್ಲೇ, ಕುರ್ಚಿಯಲ್ಲಿದ್ದಾಗಲೇ, ಆರಂಭಿಸಿದರು. ಅದು ಎಂಟು ಸಂಪುಟಕ್ಕೆ ಬೆಳೆಯಿತು. ಹಳ್ಳಿಯ ಹಾಡುಗಾರರ ಹುಡುಕಾಟವೂ ನಿವೃತ್ತಿಯ ಅಪ್ಪಣೆಗೆ ಕಾಯಲಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸಂಗ್ರಹಿಸುವವನ ಆಯುಸ್ಸು ಒಂದು ಲೆಕ್ಕವಾದರೆ, ಹಾಡುವವಳ ಆಯುಸ್ಸು ಇನ್ನೊಂದು ಲೆಕ್ಕ. ಸೋಬಾನೆ ಹಾಡುವ ಮುದುಕಿ ಅಧಿಕಾರಿಯ ನಿವೃತ್ತಿಯ ದಿನಾಂಕ ನೋಡಿಕೊಂಡು ಬದುಕಿರುವುದಿಲ್ಲ. ನೂರಾರು ಸಾಲು ಬಾಯಲ್ಲೇ ಇಟ್ಟುಕೊಂಡವಳು ಹೋದರೆ, ಅಷ್ಟೂ ಅವಳೊಂದಿಗೆ ಹೋಯಿತು. ಪರಮಶಿವಯ್ಯನವರು ನೀಲಗಾರರ ತಂಬೂರಿಯ ಹಿಂದೆ, ದೇವರಗುಡ್ಡರ ಕಥೆಗಳ ಹಿಂದೆ ಪ್ರಾಯದಲ್ಲೇ ಹೊರಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜನಪದ ಅಧ್ಯಯನಕ್ಕೆ ನೆಲೆ ಒದಗಿಸಿದವರಲ್ಲಿ ಅವರೂ ಒಬ್ಬರು. ಅವರು ತೀರಿಕೊಂಡದ್ದು 1995ರಲ್ಲಿ. ಕೆಲಸವನ್ನು ನಿವೃತ್ತಿಯ ನಂತರಕ್ಕೆ ಇಟ್ಟುಕೊಂಡಿದ್ದರೆ ಅವರಿಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ವರ್ಷಗಳು, ಅಷ್ಟರಲ್ಲಿ ಹಾಡುಗಾರರೂ ಇರುತ್ತಿರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ನ್ಯಾಯವಾದದ್ದೇ: ಮೊದಲು ಹೊಟ್ಟೆ, ಆಮೇಲೆ ಹಾಡು. ಸಂಸಾರ ಇರುವವನು ಸಂಬಳ ಬಿಟ್ಟು ತನಗೆ ಬೇಕಾದ್ದನ್ನು ಹಿಡಿದು ಹೋಗಲಾಗುತ್ತದೆಯೇ? ಹೋಗಬೇಕಿಲ್ಲ. ನಾಗಮಂಗಲದ ರಾಗಿ ಹೊಲವನ್ನೇ ನೋಡಿ. ಮುಖ್ಯ ಬೆಳೆ ರಾಗಿ, ಮನೆಯ ಕಣಜ ತುಂಬುವುದು ಅದರಿಂದ. ಆದರೆ ಇಷ್ಟಿಷ್ಟು ಸಾಲಿಗೊಂದು ಅಕ್ಕಡಿ ಸಾಲು ಇರುತ್ತದೆ. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ರಾಗಿ ಕೊಯ್ದಾದ ಮೇಲೆ ಅವರೆ ಬಿತ್ತೋಣ ಎಂದು ಯಾರೂ ಕಾಯುವುದಿಲ್ಲ, ಅದೇ ಹದದಲ್ಲಿ ಎರಡೂ ನೆಲಕ್ಕೆ ಬೀಳುತ್ತವೆ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಸಂಸಾರ ತೂಗಿಸುತ್ತಿದ್ದವರು. 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದಾಗ ಅವರಿಗೆ 27 ವರ್ಷ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ದುಡಿದದ್ದು ಮೈಸೂರು ಸಂಸ್ಥಾನದ ಸೇನಾ ಇಲಾಖೆಯ ಕಚೇರಿಯಲ್ಲಿ. ಅವರ ಮೊದಲ ಸಂಕಲನ 'ಹಣತೆ' 1933ರದು. ಇವರೆಲ್ಲ ಅಸಾಧಾರಣರು, ನಮ್ಮಂಥವರ ಮಾತೇನು ಎನ್ನುವವರು ಒಂದು ಬೇಸಿಗೆಯ ರಾತ್ರಿ ಇಲ್ಲಿಯ ಯಾವುದಾದರೂ ಹಳ್ಳಿಯ ದೇವಸ್ಥಾನದ ಮುಂದೆ ಹೋಗಿ ನಿಲ್ಲಲಿ. 'ಕುರುಕ್ಷೇತ್ರ' ನಾಟಕದ ತಾಲೀಮು ನಡೆಯುತ್ತಿರುತ್ತದೆ. ದುರ್ಯೋಧನನ ಪಾರ್ಟಿನವನು ಬೆಳಿಗ್ಗೆಯಿಂದ ಗದ್ದೆಯಲ್ಲಿ ನೀರು ಕಟ್ಟಿ ಬಂದಿರುತ್ತಾನೆ, ಕರ್ಣ ಟ್ರ್ಯಾಕ್ಟರ್ ಚಾಲಕ, ಶಕುನಿಗೆ ಮೂಲೆಯಲ್ಲೊಂದು ಕಿರಾಣಿ ಅಂಗಡಿ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಅದೇ ಕಂದವನ್ನು ಹತ್ತನೆಯ ಸಲ ಹಾಡಿಸುತ್ತಾರೆ. ಪಾರ್ಟಿನ ದುಡ್ಡು, ಸೀನು ಸೀನರಿಯ ಖರ್ಚು, ವೇಷದ ಬಾಡಿಗೆ ಎಲ್ಲವೂ ಅವರವರ ಕೈಯಿಂದಲೇ. ಒಂದು ರಾತ್ರಿಯ ಆಟಕ್ಕೆ ತಿಂಗಳುಗಟ್ಟಲೆ ರಾತ್ರಿಗಳನ್ನು ಕೊಡುವ ಈ ಜನಕ್ಕೆ ಯಾರಿಗೂ ಪುರುಸೊತ್ತು ಮಿಕ್ಕಿರಲಿಲ್ಲ. ತಮಗೆ ಬೇಕಾದ್ದು ಯಾವುದೆಂದು ಗೊತ್ತಿತ್ತು, ಅದಕ್ಕೆ ಒಂದು ಸಾಲು ಬಿಟ್ಟುಕೊಂಡರು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಬಿಗಿಯಾದದ್ದು. ತಮ್ಮ ಹೊತ್ತು ತಮ್ಮ ಕೈಯಲ್ಲೇ ಇಲ್ಲದವರಿಗೆ ಏನು ಹೇಳುತ್ತೀರಿ? ನಾಲೆಯ ಕೊನೆಯ ರೈತ ಕಟ್ಟು ನೀರಿನ ಸರದಿಗೆ ನಡುರಾತ್ರಿ ಗದ್ದೆಯ ಬದುವಿನಲ್ಲಿ ಕೂತಿರುತ್ತಾನೆ. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ ನಿಂತಿದ್ದ ವರ್ಷಗಳಲ್ಲಿ ಕಬ್ಬು ಬೆಳೆದವರು ಬೇರೆ ಕಾರ್ಖಾನೆಯ ಕಟಾವಿಗಾಗಿ ಕಾದು ಕಾದು, ಬೆಳೆ ಸೂಲಂಗಿ ಬಿಟ್ಟು ತೂಕ ಇಳಿಯುವುದನ್ನು ನೋಡಿದ್ದಾರೆ. ಪೋಡಿಗೆ, ಖಾತೆಗೆ, ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತವನಿಗೆ ಹೊತ್ತಿನ ಬೆಲೆ ಬೋಧಿಸುವುದು ಕ್ರೂರವೇ ಸರಿ; ಅದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಈ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ, ಅದನ್ನು ಒಪ್ಪಿಕೊಂಡರೆ ನನ್ನ ವಾದವೇ ಇನ್ನಷ್ಟು ದೂರ ಹೋಗುತ್ತದೆ. ಆಯುಸ್ಸು ಅಳತೆಯದ್ದೆಂದು ನಂಬಿದವನು ತನ್ನ ಮೇಜಿನ ಎದುರು ನಿಂತವನ ಆಯುಸ್ಸೂ ಅಳತೆಯದ್ದೆಂದು ನಂಬಲೇಬೇಕು. ನಾಳೆ ಬನ್ನಿ ಎನ್ನುವ ಎರಡು ಮಾತು ಒಬ್ಬ ಕೂಲಿಯವನ ಒಂದು ದಿನವನ್ನು ಕಿತ್ತುಕೊಳ್ಳುತ್ತದೆ. ಕರ್ನಾಟಕದ ಸಕಾಲ ಕಾಯ್ದೆ ಬಂದದ್ದು 2011ರಲ್ಲಿ. ಯಾವ ಸೇವೆಗೆ ಎಷ್ಟು ದಿನ ಎಂದು ಅದು ಗೊತ್ತು ಮಾಡಿತು, ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ಮೀರದ ಹಾಗೆ, ಅರ್ಜಿದಾರನಿಗೆ ಪರಿಹಾರ ಎಂದೂ ಬರೆಯಿತು. ಮೊತ್ತ ನಾಚಿಕೆಗೇಡಿನಷ್ಟು ಸಣ್ಣದು. ಆದರೆ ಕಾಯಿಸುವುದೂ ಒಂದು ನಷ್ಟ, ಅದನ್ನು ತುಂಬಿಕೊಡಬೇಕು ಎಂದು ಸರ್ಕಾರವೇ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಸಮಯದ ಮಾತು ಬಂದಾಗಲೆಲ್ಲ ನಾವು ವಿಶ್ವೇಶ್ವರಯ್ಯನವರ ಸಮಯಪಾಲನೆಯನ್ನು ನೆನೆಯುತ್ತೇವೆ. ಅದನ್ನು ಗಡಿಯಾರದ ಶಿಸ್ತು ಎಂದಷ್ಟೇ ನೋಡಿದರೆ ಅರ್ಧ ಮಾತ್ರ ಕಂಡಂತೆ. ಹೇಳಿದ ಹೊತ್ತಿಗೆ ಬರುವವನು ಗೌರವಿಸುವುದು ಎದುರಿಗಿರುವವನ ಬದುಕನ್ನು. ಇನ್ನರ್ಧ, ಆ ಹೊತ್ತಿನಲ್ಲಿ ಏನು ಮಾಡಬೇಕು ಎಂಬ ಆಯ್ಕೆ. ಎಲ್ಲ ಕಡೆಗೂ ಸರಿಯಾದ ಹೊತ್ತಿಗೆ ಹೋಗಿ, ಎಲ್ಲ ಕಡೆಯೂ ಬೇಡದ ಕೆಲಸವನ್ನೇ ಮಾಡಿ ಬರುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ.

ಹಾಗಾದರೆ ಸುಮ್ಮನೆ ಕೂರುವುದು ತಪ್ಪೇ? ಜಗಲಿಯ ಮಾತು, ಸಂಜೆಯ ತಿರುಗಾಟ, ಹೊಳೆ ನೋಡುತ್ತ ನಿಲ್ಲುವುದು, ಇವೆಲ್ಲ ದಂಡವೇ? ಇದನ್ನು ಕೇಳುವವರ ಭಯ ನನಗೆ ಅರ್ಥವಾಗುತ್ತದೆ; ಪ್ರತಿ ಗಳಿಗೆಯನ್ನೂ ದುಡಿಸಿಕೊಳ್ಳಬೇಕೆನ್ನುವ ಹಟ ಮನುಷ್ಯನನ್ನು ಒಣಗಿಸಿಬಿಡುತ್ತದೆ. ಇದಕ್ಕೆ ಉತ್ತರ ಕೊಡಲು ಹೇಮಾವತಿ ದಡದ ಅಕ್ಕಿಹೆಬ್ಬಾಳಿನವರೇ ಆದ ಎ.ಎನ್. ಮೂರ್ತಿರಾಯರಿಗಿಂತ ತಕ್ಕವರು ಸಿಗಲಾರರು. 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದ, ಇಂಗ್ಲಿಷ್ ಅಧ್ಯಾಪಕರಾಗಿ ದುಡಿದ ಅವರು ಕನ್ನಡಕ್ಕೆ ಕೊಟ್ಟ ಪ್ರಬಂಧ ಸಂಕಲನಗಳ ಹೆಸರು 'ಹಗಲುಗನಸುಗಳು', 'ಅಲೆಯುವ ಮನ'. ಹಗಲುಗನಸನ್ನೂ ಅಲೆದಾಟವನ್ನೂ ಪುಸ್ತಕದ ಹೆಸರಾಗಿ ಇಟ್ಟವರು ಸೋಮಾರಿಯಾಗಿರಲಿಲ್ಲ. ಬಿಡುವು ಅವರಿಗೆ ಯೋಚನೆ ಮಾಡುವ ಜಾಗವಾಗಿತ್ತು. 'ದೇವರು' ಎಂಬ ಪುಸ್ತಕ 1991ರಲ್ಲಿ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ನಂಬಿಕೆಯನ್ನು ಅಷ್ಟು ನಿರ್ಭಿಡೆಯಿಂದ, ಅಷ್ಟು ಸೌಜನ್ಯದಿಂದ ಪ್ರಶ್ನಿಸುವ ಬರಹ ತೊಂಬತ್ತಕ್ಕೆ ಕಾಲಿಟ್ಟ ಮೇಲೆ ಹುಟ್ಟುವಂಥದ್ದಲ್ಲ. ದಶಕಗಳ ಸಂಜೆಗಳಲ್ಲಿ ಅದು ಮಾಗಿರಬೇಕು. ತಾನಾಗಿ ಆರಿಸಿಕೊಂಡು ಸುಮ್ಮನಿರುವವನ ಹೊತ್ತು ಅವನದೇ. ಫೋನಿನ ಮೇಲೆ ಹೆಬ್ಬೆರಳು ಜಾರಿಸುತ್ತ ಕೂತವನ ಹೊತ್ತು ಹಾಗಲ್ಲ, ಮುಂದಿನ ವಿಡಿಯೋ ಯಾವುದೆಂದು ಬೇರೆಲ್ಲೋ ನಿರ್ಧಾರವಾಗಿರುತ್ತದೆ. ಅರ್ಧ ಗಂಟೆಯ ನಂತರ ಏನು ನೋಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅರಳಿಕಟ್ಟೆಯ ಮೇಲೆ ಅರ್ಧ ಗಂಟೆ ಹರಟಿದವನು ಯಾರ ಮನೆಯಲ್ಲಿ ಕಾಯಿಲೆ, ಯಾರ ಹಸು ಈಯಿತು, ಯಾರ ಮಗ ಪರೀಕ್ಷೆ ಪಾಸಾದ ಎಂಬುದನ್ನಾದರೂ ತಿಳಿದುಕೊಂಡು ಎದ್ದು ಬರುತ್ತಾನೆ. ಎರಡನ್ನೂ ಕಾಲಹರಣ ಎಂದು ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ಕೊನೆಯದಾಗಿ, ತಡವಾಯಿತು ಎನ್ನುವವರಿಗೆ. ಅರವತ್ತಾಯಿತು, ಬಿತ್ತುವ ಕಾಲ ಮುಗಿಯಿತು ಎಂದು ಕೈ ಕಟ್ಟಿ ಕೂರುವವರನ್ನು ಸಮಾಧಾನ ಮಾಡಲು ಎಲ್ಲವೂ ಇನ್ನೂ ಸಾಧ್ಯ ಎಂದು ಹೇಳುವುದು ನನ್ನಿಂದಾಗದು. ಹೋದ ಹದ ಹೋದದ್ದೇ. ಬೆಳೆದು ಊರು ಬಿಟ್ಟ ಮಗನ ಬಾಲ್ಯ ಇನ್ನು ಸಿಗುವುದಿಲ್ಲ, ತೀರಿಹೋದ ಗೆಳೆಯನಿಗೆ ಬರೆಯಬೇಕೆಂದಿದ್ದ ಕಾಗದ ಇನ್ನು ತಲುಪುವುದಿಲ್ಲ. ಆದರೆ ರಾಗಿಯ ಮಳೆ ತಪ್ಪಿದ ವರ್ಷ ನಾಗಮಂಗಲದ ರೈತ ಹೊಲವನ್ನು ಹಾಳು ಬಿಡುವುದಿಲ್ಲ. ಹಿಂಗಾರಿನ ತೇವ ಸಿಕ್ಕರೆ ಹುರುಳಿ ಚೆಲ್ಲುತ್ತಾನೆ. ಅದು ರಾಗಿಗೆ ಸಮನಲ್ಲ, ಕಣಜ ತುಂಬುವುದಿಲ್ಲ. ಕಡಿಮೆ ನೀರಿನಲ್ಲಿ, ಸೊರಗಿದ ನೆಲದಲ್ಲಿ, ಉಳಿದಿರುವಷ್ಟು ದಿನದಲ್ಲಿ ಆಗುವ ಬೆಳೆ ಅದು. ಮನೆಗೆ ಬಸ್ಸಾರಿಗೂ ಎತ್ತಿಗೂ ಆಗುತ್ತದೆ. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದ್ದು 1979ರಲ್ಲಿ, 64ನೆಯ ವಯಸ್ಸಿನಲ್ಲಿ. ರಾಮನಗರದ ಬಳಿ ಜಾನಪದ ಲೋಕ ಬಾಗಿಲು ತೆರೆದದ್ದು 1994ರಲ್ಲಿ, ಅವರಿಗೆ 79 ಆಗಿದ್ದಾಗ. ಈ ಎರಡು ಸಂಖ್ಯೆಗಳನ್ನು ಎತ್ತಿಕೊಂಡು ನಿವೃತ್ತಿಯ ಮೇಲೂ ಎಷ್ಟೆಲ್ಲ ಮಾಡಬಹುದು ನೋಡಿ ಎನ್ನುವವರಿದ್ದಾರೆ. ಅವರು ಮೊದಲಿನ ವರ್ಷಗಳನ್ನು ಮರೆಯುತ್ತಾರೆ. ಕುರ್ಚಿಯಲ್ಲಿದ್ದಾಗಲೇ ಬೆಳೆದ ಪರಿಚಯ, ಕೂಡಿಟ್ಟ ಹಾಡು, ಹಳ್ಳಿಯ ಜನರ ವಿಶ್ವಾಸ ಇಲ್ಲದಿದ್ದರೆ 64ರಲ್ಲಿ ಶುರು ಮಾಡಲು ಕೈಯಲ್ಲಿ ಬೀಜವೇ ಇರುತ್ತಿರಲಿಲ್ಲ.

ಈಗ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಹದ ಕೈತಪ್ಪುತ್ತಿದೆ ಎಂದು ಕೇಳಿಕೊಂಡರೆ ನನಗೆ ಕಾಣುವುದು ಹಳೆಯ ತಲೆಗಳು. ನಾಟಿಯ ಪದ ಪೂರ್ತಿ ಬರುವ ಹೆಂಗಸರಿಗೆ ಈಗ ಎಂಬತ್ತರ ಆಚೆ ಈಚೆ. ಯಾವ ಹೊಲಕ್ಕೆ ಯಾವ ಹೆಸರು, ಆ ಹೆಸರು ಯಾಕೆ, ಬಾವಿ ತೋಡಿದವರು ಯಾರು, ಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿದಾಗ ಯಾರ ಮನೆಯವರು ಎಲ್ಲಿಗೆ ಬಂದು ನೆಲೆಸಿದರು, ಯಾವ ದೇವರ ಒಕ್ಕಲು ಯಾರು ಎಂಬುದೆಲ್ಲ ಪಹಣಿಯಲ್ಲಿ ಬರೆದಿಲ್ಲ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಶನಿವಾರ ರಾತ್ರಿ ಊರಿಗೆ ಬರುತ್ತಾರೆ, ಭಾನುವಾರ ಸಂಜೆ ಹೊರಡುತ್ತಾರೆ. ನಡುವಿನ ಹೊತ್ತಿನಲ್ಲಿ ಒಂದು ಬೀಗರ ಊಟ, ಒಂದು ನಿದ್ದೆ, ಉಳಿದದ್ದು ಫೋನು. ನಾಗೇಗೌಡರ ಕಾಲದಲ್ಲಿ ಒಂದು ಹಾಡು ಹಿಡಿಯಲು ಟೇಪು ಹೊತ್ತು ಹೋಗಬೇಕಿತ್ತು, ಊರಲ್ಲಿ ಕರೆಂಟು ಇದೆಯೋ ಇಲ್ಲವೋ ವಿಚಾರಿಸಬೇಕಿತ್ತು. ಈಗ ಎಲ್ಲರ ಜೇಬಿನಲ್ಲೂ ಆ ಯಂತ್ರವಿದೆ, ಒಂದು ಗುಂಡಿ ಒತ್ತಿ ಅಜ್ಜಿಯ ಪಕ್ಕದಲ್ಲಿ ಇಟ್ಟರೆ ಸಾಕು. ನಿನ್ನ ಮದುವೆಯಲ್ಲಿ ಏನು ಹಾಡಿದರು, ಹೇಳಜ್ಜಿ ಎಂದು ಕೇಳಲು ಯಾವ ತರಬೇತಿಯೂ ಬೇಕಿಲ್ಲ. ಆಕೆ ಮೊದಲು ನಾಚಿಕೊಳ್ಳುತ್ತಾಳೆ, ಮರೆತೋಯ್ತು ಕಣಪ್ಪ ಎನ್ನುತ್ತಾಳೆ, ಆಮೇಲೆ ಒಂದು ಸಾಲು ಬರುತ್ತದೆ, ಅದರ ಬೆನ್ನಿಗೆ ಇನ್ನೊಂದು. ಈ ಭಾನುವಾರ ಕೇಳಿದರೆ ಮುಂದಿನ ಯುಗಾದಿಯ ಹೊತ್ತಿಗೆ ಒಂದು ಪುಸ್ತಕದಷ್ಟಾದರೂ ಸಿಗುತ್ತದೆ.